ಕೆಂಚಿಯ ಬೆನ್ನು

ನಮ್ಮ ಮನೆಯಲ್ಲಿ ಯಾರ ಬೆನ್ನನ್ನು ಯಾರು ಒತ್ತಬೇಕು ಎನ್ನುವುದಕ್ಕೆ ಒಂದು ಕ್ರಮವಿತ್ತು. ಅಪ್ಪನ ಬೆನ್ನನ್ನು ಅಮ್ಮ ಒತ್ತಬೇಕು, ಅಮ್ಮನ ಬೆನ್ನನ್ನು ಅಜ್ಜಿ. ಅತ್ತೆ ಸೊಸೆಯ ಬೆನ್ನು ಒತ್ತುವ ಮನೆ ಸಾದಲಿ ಸುತ್ತಮುತ್ತ ನಮ್ಮದೊಂದೇ ಇದ್ದಿರಬೇಕು. ಅಜ್ಜಿಯ ಬೆನ್ನನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಊರಿನ ಬಾಣಂತಿಯರಿಗೆಲ್ಲ ಹರಳೆಣ್ಣೆ ತಿಕ್ಕಿ ನೀರು ಹಾಕುತ್ತಿದ್ದ ಆಕೆಗೆ ಬೇರೆಯವರ ಕೈ ಹಿಡಿಸುತ್ತಲೇ ಇರಲಿಲ್ಲ. ನಿಮ್ಮ ಕೈಗಳಿಗೆ ಕಣ್ಣಿಲ್ಲ ಎಂದು ನಮ್ಮನ್ನೆಲ್ಲ ಬೈದು, ತಾನೇ ಗೋಡೆಗೆ ಬೆನ್ನು ಉಜ್ಜಿಕೊಳ್ಳುತ್ತಿದ್ದಳು. ಈ ಕ್ರಮದಲ್ಲಿ ನನ್ನ ಪಾಲಿಗೆ ಯಾರ ಬೆನ್ನೂ ಇರಲಿಲ್ಲ. ಆಗ ನನಗೆ ಹನ್ನೊಂದು ವರ್ಷ. ಆಮೇಲೆ ನನಗೆ ಸಿಕ್ಕಿದ್ದು ಕುದುರೆಯ ಬೆನ್ನು. ಅದರಿಂದ ಏನೇನಾಯಿತು ಎಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ರೇಷ್ಮೆ ಬೆಳೆಯುವ ಊರಲ್ಲಿ ಕುದುರೆ ಯಾಕೆ ಎಂದು ಕೇಳುವವರಿಗೆ ಅಪ್ಪನ ಬಲಗಾಲನ್ನು ತೋರಿಸಬೇಕು. ಎಳವೆಯಲ್ಲಿ ಬಂದ ಯಾವುದೋ ಜ್ವರ ಆ ಕಾಲನ್ನು ಸಣ್ಣಗೆ ಮಾಡಿ ಬಿಟ್ಟು ಹೋಗಿತ್ತು. ಸೈಕಲ್ ತುಳಿಯಲು ಆಗುತ್ತಿರಲಿಲ್ಲ, ಒಂದು ಫರ್ಲಾಂಗು ನಡೆದರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಹಿಪ್ಪುನೇರಳೆ ತೋಟ ಮನೆಯಿಂದ ಎರಡು ಮೈಲಿ. ಅದಕ್ಕೇ ತಾತ ತೀರಿಕೊಳ್ಳುವ ಮೊದಲು ಮಗನಿಗೆ ಸವಾರಿ ಕಲಿಸಿ ಹೋಗಿದ್ದರು. ನೆಲದ ಮೇಲೆ ಅಪ್ಪ ಸಿಡುಕಿನ ಮನುಷ್ಯ. ಊಟಕ್ಕೆ ಕರೆದರೂ ಯಾಕೆ ಎಂದು ಕೇಳುವ ಜಾತಿ. ಅದೇ ಕೆಂಚಿಯ ಮೇಲೆ ಕೂತರೆ ಬೇರೆ ಆಳು. ಕೆಂಚಿ ಎಂದರೆ ನಮ್ಮ ಕುದುರೆ, ಕೆಂಪು ಮೈಯ ಹೆಣ್ಣು, ಹಿಂಗಾಲೊಂದಕ್ಕೆ ಬಿಳಿ ಕಾಲ್ಚೀಲ. ಅವಳ ಮೇಲೆ ಕೂತ ಅಪ್ಪ ಬಾವಿಕಟ್ಟೆಯ ಹೆಂಗಸರನ್ನು ರೇಗಿಸುತ್ತಾ, ಎದುರು ಬಂದವರ ಬೆಳೆ ವಿಚಾರಿಸುತ್ತಾ, ನನ್ನನ್ನು ಮುಂದೆ ಕೂರಿಸಿಕೊಂಡು ತೋಟದವರೆಗೂ ಬಾಯಿ ಮುಚ್ಚದೆ ಹೋಗುತ್ತಿದ್ದರು. ಆ ಎರಡು ಮೈಲಿಯ ಅಪ್ಪನನ್ನು ನಾನು ತುಂಬಾ ಪ್ರೀತಿಸುತ್ತಿದ್ದೆ. ಮನೆಗೆ ಬಂದು ಇಳಿದ ಮೇಲಿನ ಅಪ್ಪನನ್ನು ಕಂಡರೆ ಭಯ.

ನಮ್ಮ ಮನೆ ಉದ್ದಕ್ಕೆ ಇತ್ತು. ಮುಂದೆ ಜಗಲಿ, ಆಮೇಲೆ ನಡುಮನೆ, ಪಕ್ಕದಲ್ಲಿ ಅಡುಗೆಮನೆ, ಹಿಂದೆ ಹುಳುಮನೆ. ಹಿತ್ತಲಿಗೆ ಇಳಿದರೆ ದನದ ಕೊಟ್ಟಿಗೆ, ಅದರ ಮಗ್ಗುಲಲ್ಲೇ ಕೆಂಚಿಯ ಚಪ್ಪರ. ರೇಷ್ಮೆಹುಳುವಿನ ಕೋಣೆ ಅಮ್ಮನ ರಾಜ್ಯ. ಅಲ್ಲಿನ ಮಡಿ ದೇವರಕೋಣೆಯಲ್ಲೂ ಇರಲಿಲ್ಲ. ಹೊಸ್ತಿಲ ಮೇಲೆ ಸುಣ್ಣದ ಪುಡಿ ಹರಡಿರುತ್ತಿತ್ತು, ಅದನ್ನು ತುಳಿದೇ ಒಳಗೆ ಹೋಗಬೇಕು. ಬೀಡಿ ಸೇದಿದವರು, ಊದುಬತ್ತಿ ಹಚ್ಚಿದವರು, ತಲೆಗೆ ಎಣ್ಣೆ ಹಾಕಿಕೊಂಡವರು ಯಾರೂ ಆ ಕಡೆ ಸುಳಿಯುವಂತಿಲ್ಲ. ವಾಸನೆ ತಗುಲಿದರೆ ಹುಳು ಸೊಪ್ಪು ಬಿಡುತ್ತವೆ ಎಂದು ಅಮ್ಮ ಹೆದರುತ್ತಿದ್ದಳು. ನಾಲ್ಕನೆಯ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದ ಮೇಲೆ ಹುಳುಗಳು ಸೊಪ್ಪು ಮೇಯುವ ಸದ್ದು ನಡುಮನೆವರೆಗೂ ಕೇಳುತ್ತಿತ್ತು. ಆ ಸದ್ದಿನಲ್ಲೇ ನಾನು ಓದಿದ್ದು, ಉಂಡಿದ್ದು, ಅಮ್ಮನ ಹತ್ತಿರ ಜಗಳ ಆಡಿದ್ದು.

ಅಪ್ಪನಿಗೆ ತಾಯತ, ದಾರ, ಹರಕೆ ಎಂದರೆ ಆಗುತ್ತಿರಲಿಲ್ಲ. ಅದಕ್ಕೆ ಅಜ್ಜಿಯೇ ಕಾರಣ. ಮಗನ ಕಾಲು ಸರಿಹೋಗಲಿ ಎಂದು ಆಕೆ ಸುತ್ತದ ಗುಡಿಯಿಲ್ಲ, ದರ್ಗಾ ಇಲ್ಲ. ಅಪ್ಪನ ಕುತ್ತಿಗೆಗೆ, ತೋಳಿಗೆ, ಸೊಂಟಕ್ಕೆ ಕಟ್ಟಿದ ದಾರಗಳನ್ನು ನೋಡಿ ಸ್ಕೂಲಿನ ಹುಡುಗರು ನಗುತ್ತಿದ್ದರಂತೆ. ಕಾಲು ಹಾಗೇ ಇತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಒಂದು ದಿನ ಅಪ್ಪ ಸೊಪ್ಪು ಕೊಯ್ಯುವ ಕುಡುಗೋಲು ತೆಗೆದುಕೊಂಡು ಎಲ್ಲವನ್ನೂ ಕತ್ತರಿಸಿ ಬಾವಿಗೆ ಹಾಕಿದರು. ಇನ್ನು ನನ್ನ ಮೈಮೇಲೆ ಯಾರೂ ದಾರ ಕಟ್ಟಬಾರದು ಎಂದು ಹೇಳಿದ್ದನ್ನು ಮದುವೆಯಾದ ಮೊದಲ ವಾರವೇ ಅಮ್ಮನಿಗೂ ಹೇಳಿದ್ದರು. ಅಮ್ಮ ತಲೆಯಾಡಿಸಿದ್ದಳು. ಅಮ್ಮ ತಲೆಯಾಡಿಸಿದರೆ ಒಪ್ಪಿದಳು ಎಂದು ಅರ್ಥವಲ್ಲ ಅನ್ನುವುದು ಅಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆ ವರ್ಷ ತೋಟದ ದಾರಿಯಲ್ಲಿ ಲಾರಿಯ ಹಾರನ್ನಿಗೆ ಬೆದರಿ ಕೆಂಚಿ ಪಕ್ಕಕ್ಕೆ ಹಾರಿದಳು. ಅಪ್ಪ ಎಡಗಡೆಗೆ ಬಿದ್ದರು. ಎಡಗಾಲು ಜೀನಿಗೆ ತೂಗುಬಿಟ್ಟ ರಿಕಾಪಿನ ಬಳೆಯಲ್ಲಿ ಸಿಕ್ಕಿಕೊಂಡಿತು, ಕೆಂಚಿ ಅವರನ್ನು ಹತ್ತು ಮಾರು ದೂರ ಎಳೆದುಕೊಂಡು ಹೋದಳು. ಬುತ್ತಿ ತೆಗೆದುಕೊಂಡು ಹಿಂದೆ ನಡೆದು ಬರುತ್ತಿದ್ದ ಅಮ್ಮ ಅದನ್ನು ಕಣ್ಣಾರೆ ಕಂಡಳು. ಅಪ್ಪನಿಗೆ ತರಚುಗಾಯ ಬಿಟ್ಟರೆ ಏನೂ ಆಗಲಿಲ್ಲ, ಮೂರನೆಯ ದಿನಕ್ಕೆ ಮತ್ತೆ ಕುದುರೆ ಹತ್ತಿದರು. ಅಮ್ಮ ಮಾತ್ರ ಆ ಹತ್ತು ಮಾರಿನಿಂದ ಆಚೆ ಬರಲಿಲ್ಲ. ಚಿಂತಾಮಣಿಯಲ್ಲಿ ತಂಗಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದವಳು ಮುರುಗಮಲ್ಲದ ದರ್ಗಾಕ್ಕೆ ಹೋಗಿ ಬಂದಳು. ದಾರಿಯ ಅಂಗಡಿಯೊಂದರಲ್ಲಿ ತಾಮ್ರದ ತಾಯತ ಕೊಂಡು, ಅದನ್ನು ಮುಷ್ಟಿಯಲ್ಲಿ ಹಿಡಿದು ಗಂಡನ ಹೆಸರು ಹೇಳಿ ಬೇಡಿಕೊಂಡಳಂತೆ. ಗಂಡನ ಮೈಮೇಲೆ ಕಟ್ಟುವಂತಿಲ್ಲ. ಕುದುರೆಯ ಕುತ್ತಿಗೆಗೆ ಕಟ್ಟಿದರೆ ಕಾಣುತ್ತದೆ. ಮಾರನೆಯ ದಿನ ಅಪ್ಪ ಸ್ನಾನಕ್ಕೆ ಹೋದಾಗ ಅಮ್ಮ ಜೀನಿನ ಕೆಳಗೆ ಹಾಕುವ ಮೆತ್ತೆಯನ್ನು ಹಿತ್ತಲಿಗೆ ತಂದಳು. ಹಳೆಯ ಸೀರೆಗಳನ್ನೂ ಹತ್ತಿಯನ್ನೂ ಸೇರಿಸಿ ಅವಳೇ ಹೊಲಿದ ಮೆತ್ತೆ ಅದು. ಎಡಗಡೆಯ ಹೊಲಿಗೆ ಬಿಚ್ಚಿ, ಅವರು ಬಿದ್ದ ಕಡೆಗೇ ಇರಲಿ ಎಂದು ತಾಯತವನ್ನು ಹತ್ತಿಯೊಳಗೆ ತೂರಿಸಿದಳು. ಸೂಜಿಗೆ ದಾರ ಪೋಣಿಸಿ ಕೊಟ್ಟವಳು ನಾನು.

"ಯಾರಿಗೂ ಹೇಳಲ್ಲ ಅಂತ ನನ್ನ ತಲೆ ಮೇಲೆ ಕೈ ಇಟ್ಟು ಹೇಳು."

"ಯಾರಿಗೂ ಹೇಳಲ್ಲಮ್ಮ."

"ನಿಮ್ಮಪ್ಪನಿಗೆ ಅಂತೂ ಹೇಳಲೇಬೇಡ ಕಣೇ."

ಅಮ್ಮನ ಜೊತೆ ಒಂದು ಗುಟ್ಟು ಹಂಚಿಕೊಂಡ ಖುಷಿಯಲ್ಲಿ ನಾನು ಅವತ್ತು ಎರಡು ಮುದ್ದೆ ಉಂಡೆ.

ಒಂದು ತಿಂಗಳಾಗಿರಬೇಕು. ಅಪ್ಪ ಜೀನು ಎತ್ತಿಕೊಂಡು ಬರುವುದನ್ನು ಕಂಡರೆ ಕೆಂಚಿ ಕಿವಿ ಹಿಂದಕ್ಕೆ ಮಡಚತೊಡಗಿದಳು. ಬೆಲ್ಟು ಬಿಗಿಯುವಾಗ ಗಾಳಿಯನ್ನು ಕಚ್ಚುವಳು. ಅಪ್ಪ ಹತ್ತುವ ಹೊತ್ತಿಗೆ ಬೆನ್ನನ್ನು ಕೆಳಕ್ಕೆ ಒಗೆದು ಸರಿಯುವಳು. ಸೊಕ್ಕು ಬಂದಿದೆ ಎಂದು ಅಪ್ಪ ಬೈದರು. ಅಜ್ಜಿ ಮಾತ್ರ ಚಪ್ಪರಕ್ಕೆ ಹೋಗಿ, ಎರಡು ಬೆರಳನ್ನು ಬೆನ್ನುಮೂಳೆಯ ಪಕ್ಕದಲ್ಲಿ ಭುಜದಿಂದ ಸೊಂಟದವರೆಗೆ ಹಗುರಾಗಿ ಎಳೆದಳು. ಎಡಗಡೆ ನಡುಬೆನ್ನಿಗೆ ಬರುತ್ತಲೇ ಚರ್ಮ ಅದುರಿ ಇಡೀ ಬೆನ್ನು ತಗ್ಗಿತು.

"ಸೊಕ್ಕಲ್ಲ, ನೋವು. ಹೆತ್ತೋರ ಸೊಂಟ ಹಿಂಗೇ ಬಿಗೀತದೆ. ಎಂಟು ದಿನ ಜೀನು ಹಾಕಬೇಡ," ಎಂದಳು ಮಗನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಬಾ ತಲ್ಲೀ, ನಿನ್ನ ಕೈಗೆ ಕಣ್ಣು ಬರುತ್ತಾ ನೋಡಣ," ಎಂದಳು.

ಎರಡು ಮಣೆಗಳನ್ನು ಒಂದರ ಮೇಲೊಂದು ಇಟ್ಟು ನಾನು ನಿಂತೆ. ಅಜ್ಜಿ ಕೆಳಗೆ ಕೂತು ಹೇಳುವಳು, ನಾನು ಮಾಡುವೆನು. ಮೊದಲು ರಾಗಿಹೊಟ್ಟು ಮತ್ತು ಕಲ್ಲುಪ್ಪನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಬೇಕು. ಅದನ್ನು ನನ್ನ ಮುಂಗೈಯ ಒಳಭಾಗಕ್ಕೆ ಒತ್ತಿ ನೋಡಬೇಕು. ನನಗೆ ಸುಟ್ಟರೆ ಅವಳಿಗೂ ಸುಡುತ್ತದೆ. ಶಾಖ ಕೊಟ್ಟ ಮೇಲೆ ಬೆಚ್ಚಗಿನ ಹರಳೆಣ್ಣೆ.

"ಮೂಳೆ ಮೇಲೆ ಕೈ ಹಾಕಬೇಡ. ಮೂಳೆಯಿಂದ ಎರಡು ಬೆಟ್ಟು ಬಿಟ್ಟು ಹೋಗು. ಬೆರಳಲ್ಲಿ ಚುಚ್ಚಬೇಡ, ಅಂಗೈ ಬುಡದಲ್ಲಿ ಒತ್ತು."

"ಎಷ್ಟು ಒತ್ತಲಿ ಅಜ್ಜಿ?"

"ನನ್ನನ್ನ ಯಾಕೆ ಕೇಳ್ತೀಯ? ಅವಳ ಕಿವಿ ನೋಡು. ಕಿವಿ ಹಿಂದಕ್ಕೆ ಹೋದ್ರೆ ಜಾಸ್ತಿ ಆಯ್ತು. ಕೆಳತುಟಿ ಜೋತುಬಿದ್ರೆ ಸರಿಯಾಯ್ತು. ಒತ್ತಿ ಹಿಡ್ಕೊ, ಅವಳು ಉಸಿರು ಬಿಡೋವರ್ಗೂ ಕಾಯಿ. ಬಾಣಂತೀರು ಬಾಯಿಬಿಟ್ಟು ಹೇಳ್ತಾರೆ. ಪಾಪಂ, ಇದು ಹೇಳಲ್ಲ."

ಒತ್ತಿ ಹಿಡಿದು ಕಾಯುವುದನ್ನು ನಾನು ಕಲಿತದ್ದು ಹಾಗೆ. ಮೊದಮೊದಲು ಕಲ್ಲಿನ ಮೇಲೆ ಕೈ ಇಟ್ಟಂತೆ ಇರುತ್ತಿತ್ತು. ಆಮೇಲೆ ಅಂಗೈ ಕೆಳಗೆ ಏನೋ ಸಡಿಲವಾಗುತ್ತಿತ್ತು, ಕೆಂಚಿ ದೊಡ್ಡದೊಂದು ಉಸಿರು ಬಿಟ್ಟು ಬಾಯಿ ಚಪ್ಪರಿಸುತ್ತಿದ್ದಳು. ಒಂದು ದಿನ ನೊಣ ಓಡಿಸಲು ಹೊಟ್ಟೆಯ ಕೆಳಗೆ ಉಗುರಿನಿಂದ ಕೆರೆದೆ. ಅವಳ ಬೆನ್ನು ತಾನಾಗಿ ಮೇಲಕ್ಕೆ ಎದ್ದಿತು. ಅಜ್ಜಿಗೆ ತೋರಿಸಿದರೆ, ದಿನಾ ನಾಲ್ಕು ಸಲ ಹಾಗೇ ಎಬ್ಬಿಸು, ಬೆನ್ನಿಗೆ ಒಳ್ಳೆಯದು ಎಂದಳು. ಹಿಪ್ಪುನೇರಳೆ ಸೊಪ್ಪಿನ ಕಡ್ಡಿ ಹಿಡಿದು ಅವಳ ಮೂತಿಯ ಮುಂದಿನಿಂದ ಪಕ್ಕೆಯವರೆಗೆ ನಿಧಾನವಾಗಿ ಒಯ್ಯುತ್ತಿದ್ದೆ. ಸೊಪ್ಪಿನ ಆಸೆಗೆ ಅವಳು ಕತ್ತು ಬಳುಕಿಸಿ ಬರುತ್ತಿದ್ದಳು. ಎರಡೂ ಕಡೆ ಹಾಗೆ ಮಾಡಿಸಿ, ಬೆನ್ನಿಗೆ ಗೋಣಿ ಹೊದಿಸಿ, ಹಿತ್ತಲಲ್ಲಿ ನಾಲ್ಕು ಸುತ್ತು ನಡೆಸಿದರೆ ಆ ದಿನದ ಕೆಲಸ ಮುಗಿಯಿತು. ಹುಳುವಿನ ಸೊಪ್ಪು ಕುದುರೆಗೆ ಹಾಕುತ್ತೀಯಾ ಎಂದು ಅಮ್ಮ ಬೈಯುತ್ತಿದ್ದಳು. ಮೈಯೆಲ್ಲ ಎಣ್ಣೆ ನಾತ ಹೊತ್ತ ನನ್ನನ್ನು ಹುಳುಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಆ ದಿನಗಳಲ್ಲಿ ನಾನು ಅಮ್ಮನ ಜೊತೆ ಮಾತಾಡಿದ್ದೆಲ್ಲ ಸುಣ್ಣದ ಪುಡಿಯ ಈಚೆ ನಿಂತೇ.

ಎಂಟು ದಿನಕ್ಕೆ ಕೆಂಚಿ ಸರಿಹೋದಳು. ಅಪ್ಪ ಹತ್ತಿದರು. ಎರಡೇ ದಿನ, ಮತ್ತೆ ಅದೇ ಕಿವಿ, ಅದೇ ಬೆನ್ನು. ಮತ್ತೆ ಎಂಟು ದಿನ ಶಾಖ, ಎಣ್ಣೆ, ಒತ್ತುವುದು. ಮತ್ತೆ ಹತ್ತಿದರು, ಮತ್ತೆ ನೋವು. ನನ್ನ ಕೈಗುಣದ ಬಗ್ಗೆ ಬಂದಿದ್ದ ಹೆಮ್ಮೆಯೆಲ್ಲ ಹಾಳಾಯಿತು. ಕೊನೆಗೆ ಅಪ್ಪ ಚಿಂತಾಮಣಿ ಕಡೆಯಿಂದ ಲಾಳ ಹೊಡೆಯುವ ಬಾಷಾ ಸಾಬರನ್ನು ಕರೆಸಿದರು. ತಮ್ಮದೇ ಕುದುರೆ ಹತ್ತಿ ಬಂದರು ಅವರು. ಆ ಕುದುರೆಯ ಕುತ್ತಿಗೆಯಲ್ಲಿ ನೀಲಿ ಮಣಿಸರ, ಅದರ ಮಧ್ಯೆ ಒಂದು ತಾಯತ ತೂಗಾಡುತ್ತಿತ್ತು. ಸಾಬರು ಕೆಂಚಿಯ ಹಲ್ಲು, ಗೊರಸು, ಬೆನ್ನು ಎಲ್ಲ ನೋಡಿದರು. ಜೀನನ್ನು ತಿರುಗಿಸಿ ನೋಡಿದರು. ಎಡಗಡೆಯ ರಿಕಾಪಿನ ಪಟ್ಟಿ ಬಲಗಡೆಯದಕ್ಕಿಂತ ಎರಡು ಬೆರಳು ಜಗ್ಗಿ ಉದ್ದವಾಗಿರುವುದನ್ನು ಕಂಡು ಎರಡನ್ನೂ ಜೋಡಿಸಿ ಅಳೆದರು.

"ಕೆಳಗೆ ಹಾಕೋ ಮೆತ್ತೆ ಎಲ್ಲೈತೆ? ಅದೂ ನೋಡ್ತೀನಿ."

ಅಮ್ಮ ನಡುಮನೆಯ ಬಾಗಿಲ ಹಿಂದಿನಿಂದ, "ಒಗೆಯಕ್ಕೆ ನೆನೆ ಹಾಕಿದೀನಿ," ಎಂದಳು.

ಸಾಬರು ಅಪ್ಪನ ಮುಖ ನೋಡಲಿಲ್ಲ. "ತಪ್ಪು ತಿಳ್ಕಬೇಡಿ ಯಜಮಾನ್ರೇ. ಬಲಗಾಲಲ್ಲಿ ಜೋರು ಇಲ್ಲ ನಿಮಗೆ. ಭಾರ ಎಲ್ಲಾ ಎಡಕ್ಕೇ ಬೀಳ್ತೈತೆ. ಜಾನ್ವಾರ್ ಏನ್ ಮಾಡ್ತದೆ, ಎಷ್ಟು ದಿನ ತಡೀತದೆ."

 ಅಪ್ಪ ಸಾಬರಿಗೆ ಕಾಫಿ ಕೊಡಿಸಿ, ಕಳಿಸಿ, ಜಗಲಿಯ ಮೇಲೆ ಕೂತರು. ನಾನು ಹಿತ್ತಲಿಗೆ ಓಡಿದೆ. ಮೆತ್ತೆ ಎಲ್ಲೂ ನೆನೆದಿರಲಿಲ್ಲ. ಸೌದೆ ರಾಶಿಯ ಹಿಂದೆ ಒಣಗಿಕೊಂಡೇ ಇತ್ತು. ಎಡಗಡೆ ಕೈಯಾಡಿಸಿದೆ. ಹತ್ತಿಯೆಲ್ಲ ತುಳಿತಕ್ಕೆ ಸಿಕ್ಕಿ ಚಪ್ಪಟೆಯಾಗಿ, ಅದರ ನಡುವೆ ತಾಯತ ಹುಣಸೆಬೀಜದಂತೆ ಬೆರಳಿಗೆ ಸಿಕ್ಕಿತು. ಮೆತ್ತೆಯನ್ನು ಹೊತ್ತುಕೊಂಡು ಹೋಗಿ ಕೆಂಚಿಯ ಬೆನ್ನ ಮೇಲೆ ಹಾಸಿ, ಅದು ಕೂರುವ ಜಾಗಕ್ಕೆ ಬೆರಳಿಟ್ಟು, ಮೆತ್ತೆ ಸರಿಸಿ ನೋಡಿದೆ. ದಿನಾ ನನ್ನ ಅಂಗೈಗೆ ಸಿಗುತ್ತಿದ್ದ ಗಂಟು ಅದೇ ಜಾಗದಲ್ಲಿತ್ತು. ಅಲ್ಲಿ ಕೂದಲು ಕೂಡ ಸವೆದಿತ್ತು. ಅಷ್ಟು ದಿನ ಒತ್ತಿದ್ದೆ, ನನಗೇ ಹೊಳೆದಿರಲಿಲ್ಲ. ನನ್ನ ಕೈಗೆ ಕಣ್ಣು ಬಂದಿದ್ದು ಅವತ್ತು.

"ಅಮ್ಮಾ, ಕೆಂಚಿಗೆ ನೋವಿರೋದು ತಾಯತ ಇರೋ ಜಾಗದಲ್ಲೇ."

"ಎಣ್ಣೆ ಕೈ ಇಟ್ಕೊಂಡು ಹೊಸಲು ದಾಟಬೇಡ."

"ದಾಟಲ್ಲ. ನೀನೇ ಬಂದು ನೋಡು. ಬಿಚ್ಚಿಬಿಡಣ ಅಮ್ಮ."

ಅಮ್ಮ ತಟ್ಟೆಗೆ ಸೊಪ್ಪು ಹರಡುತ್ತಲೇ ಇದ್ದಳು. "ದೇವರ ವಸ್ತು ನೋಯಿಸುತ್ತೇನೇ? ಕಾಯುತ್ತೆ. ನಿಮ್ಮಪ್ಪ ಬಿದ್ದಿದ್ದನ್ನ ನೀನು ನೋಡಿದೀಯಾ? ನಾನು ನೋಡಿದೀನಿ. ತಲೆ ನೆಲಕ್ಕೆ ಬಡ್ಕೊಂಡು ಬಡ್ಕೊಂಡು ಹೋಗ್ತಿತ್ತು. ಅದನ್ನ ಹೊಲಿದ ಮೇಲೆ ಒಂದು ಸಲಾನಾದ್ರೂ ಬಿದ್ರಾ, ಹೇಳು?"

"ಅಪ್ಪ ತಮ್ಮದೇ ತಪ್ಪು ಅನ್ಕೊಂಡಿದಾರೆ."

ಅಮ್ಮನ ಕೈ ನಿಂತಿತು.  "ಗೊತ್ತಾದ್ರೆ ನನ್ನ ಮುಖ ನೋಡಲ್ಲ ಅವರು. ನಿನಗೆ ಗೊತ್ತಿಲ್ಲ ಅವರ ಹಟ. ನೀನು ಒತ್ತಮ್ಮ, ವಾಸಿ ಆಗುತ್ತೆ. ನಿನ್ನ ಕೈಗುಣ ಚೆನ್ನಾಗಿದೆ ಅಂತ ಅಜ್ಜಿನೇ ಹೇಳ್ತಾರೆ."

ನಾನು ಹೋಗಿ ಒತ್ತಿದೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಬೆಳಿಗ್ಗೆ ಒತ್ತಿದೆ, ಸ್ಕೂಲಿನಿಂದ ಬಂದು ಒತ್ತಿದೆ. ಕೆಂಚಿ ಪ್ರತಿ ಸಲವೂ ನನ್ನ ಕೈಗೆ ಮೈ ಒಪ್ಪಿಸಿ ತುಟಿ ಜೋತುಬಿಟ್ಟು ನಿಲ್ಲುತ್ತಿದ್ದಳು. ಅತ್ತ ಅಪ್ಪ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಜಗಲಿಯ ಕಟ್ಟೆಯ ಮೇಲೆ ಎರಡೂ ಕಡೆ ಕಾಲು ಹಾಕಿ ಕೂತು ನೆಟ್ಟಗಾಗಲು ನೋಡುತ್ತಿದ್ದರು. ಬಲಗಡೆ ತೊಡೆಯ ಕೆಳಗೆ ಮಡಿಸಿದ ಟವಲ್ಲು ಇಟ್ಟುಕೊಳ್ಳುವರು. ಕೈಯಲ್ಲಿ ಲಗಾಮು ಹಿಡಿದಂತೆ ಹಿಡಿದು, ನಡುಮನೆಯ ಕನ್ನಡಿಯಲ್ಲಿ ತಮ್ಮ ಹೆಗಲುಗಳನ್ನು ನೋಡಿಕೊಳ್ಳುವರು. ಎಡಹೆಗಲು ಕೆಳಗೇ ಇರುತ್ತಿತ್ತು. ನಾನು ಕಂಬದ ಹಿಂದೆ ನಿಂತು ಅದನ್ನು ನೋಡಿದೆ. ಒಂದು ಮಾತು ಹೇಳಿದ್ದರೆ ಅಪ್ಪ ಆ ಕಟ್ಟೆಯಿಂದ ಇಳಿಯುತ್ತಿದ್ದರು. ಅಮ್ಮನ ತಲೆಯ ಮೇಲೆ ಇಟ್ಟಿದ್ದ ಕೈ ನನಗೆ ಅಡ್ಡ ಬಂತು. ಮಾತು ಮುರಿದರೆ ಅಮ್ಮ ಸಾಯುತ್ತಾಳೆ ಎಂದು ನಾನು ನಿಜವಾಗಿಯೂ ನಂಬಿದ್ದೆ.

ಒಂದು ಬೆಳಿಗ್ಗೆ ಅಪ್ಪ ಊಟದ ಮಣೆಯ ಮೇಲೆ ಕೂತು, ಮಂಚೇನಹಳ್ಳಿ ಮಾವನಿಗೆ ಕೆಂಚಿಯನ್ನು ಕೊಡುತ್ತೇನೆ, ನಾಳೆ ಬರುತ್ತಾರೆ ಎಂದರು. ಮಾವ ಎಂದರೆ ಅಪ್ಪನ ತಂಗಿಯ ಗಂಡ, ಕುದುರೆಯ ಹುಚ್ಚಿದ್ದ ಗಟ್ಟಿ ಆಳು. ಅಜ್ಜಿ ಮುದ್ದೆ ಕಟ್ಟುತ್ತಿದ್ದ ಕೈಯನ್ನು ಹಾಗೇ ಹಿಡಿದಳು.

"ಯಾಕೋ? ಇನ್ನೊಂದು ತಿಂಗಳು ನೋಡಣ. ಮಗು ಒತ್ತತಾ ಅದೆ."

"ಮಗು ಒತ್ತೋದು, ನಾನು ಹತ್ತಿ ಮುರಿಯೋದು. ಸಾಕಮ್ಮ. ನನ್ನ ಸೊಟ್ಟ ಭಾರ ಇನ್ನು ಯಾವ ಪ್ರಾಣಿಗೂ ಬೇಡ."

ಮಾರನೆಯ ದಿನ ಅಪ್ಪ ತಾವೇ ಕೆಂಚಿಗೆ ನೀರು ಹಾಕಿದರು. ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅವಳ ಹೊಟ್ಟೆ, ಕಾಲು, ಬಿಳಿ ಕಾಲ್ಚೀಲ ಎಲ್ಲವನ್ನೂ ತಿಕ್ಕಿದರು. ಜೀನು, ಮೆತ್ತೆ ಎಲ್ಲ ಅವಳ ಜೊತೆಯೇ ಹೋಗಬೇಕೆಂದು ಜಗಲಿಯ ಮೇಲೆ ತೆಗೆದಿಡಿಸಿದ್ದರು. ಹಾಗೇ ಹೋದರೆ ನೋವೂ ಅವಳ ಜೊತೆಯೇ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಮೆತ್ತೆ ಎತ್ತಿಕೊಂಡು ಸೌದೆ ರಾಶಿಯ ಹಿಂದೆ ಕೂತೆ. ಕುಡುಗೋಲಿನ ತುದಿಯಿಂದ ಹೊಲಿಗೆ ಬಿಚ್ಚಿ, ತಾಯತ ತೆಗೆದು, ಹತ್ತಿಯನ್ನು ಕಿತ್ತು ಹರಡಿ, ಸೊಟ್ಟಸೊಟ್ಟಗೆ ಮತ್ತೆ ಹೊಲಿದೆ. ತಾಯತದ ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಅದನ್ನು ಹುಳುಮನೆಯ ಹೊಸ್ತಿಲ ಆಚೆಗೆ, ಸುಣ್ಣದ ಪುಡಿಯ ಮೇಲೆ ಎಸೆದು ಬಂದೆ. ಅಮ್ಮ ನೋಡಿದಳು. ಕೆಂಚಿ ಊರಬಾಗಿಲು ದಾಟುವಾಗ ಒಮ್ಮೆ ನಿಂತು ಹಿಂದಕ್ಕೆ ನೋಡಿದಳು. ಅಪ್ಪ ಆಗಲೇ ಒಳಗೆ ಹೋಗಿದ್ದರು. ಮಾತನ್ನೂ ಮುರಿಯಲಿಲ್ಲ, ಕೆಂಚಿಯನ್ನೂ ಉಳಿಸಿದೆ ಎಂದುಕೊಂಡು ನಾನು ಅತ್ತೆ. ಅಮ್ಮ ಆ ತಾಯತಕ್ಕೆ ಕಪ್ಪು ದಾರ ಪೋಣಿಸಿ, ರವಿಕೆಯ ತೋಳಿನ ಕೆಳಗೆ ತಾನೇ ಕಟ್ಟಿಕೊಂಡಿದ್ದನ್ನು ಆಮೇಲೆ ಕಂಡೆ.

ಮೂರು ತಿಂಗಳ ಮೇಲೆ ಮಾವ ಗೌರಿಬಿದನೂರಿಗೆ ಬಂದವರು ಬಸ್ಸು ಬದಲಾಯಿಸಿಕೊಂಡು ನಮ್ಮೂರಿಗೂ ಬಂದರು. ಹುರುಳಿಕಾಳಿನ ಬಸ್ಸಾರು, ಮುದ್ದೆ. ಎಲ್ಲರೂ ಸಾಲಾಗಿ ಕೂತಿದ್ದೆವು, ಅಮ್ಮ ಬಡಿಸುತ್ತಿದ್ದಳು.

"ಕೆಂಚಿ ಹೆಂಗಿದಾಳೆ?" ಎಂದು ಅಜ್ಜಿ ಕೇಳಿದಳು.

"ಏನು ಹೇಳಲಿ ಅತ್ತೆ, ಬಾಣ ಬಿಟ್ಟಂಗೆ ಹೋಗ್ತಾಳೆ! ಬೆನ್ನಿಗೆ ಏನೂ ಇಲ್ಲ. ಒಂದು ದಿನಾನೂ ಕಿವಿ ಮಡಚಿಲ್ಲ. ನೀವೆಲ್ಲ ಸುಮ್ಮನೆ ಹೆದರಿಕೊಂಡ್ರಿ."

ಅಜ್ಜಿ ಸಂತೋಷಕ್ಕೆ ನನ್ನ ಬೆನ್ನು ತಟ್ಟಿದಳು. ಅಪ್ಪ ನಕ್ಕರು. ಅಂಥ ನಗುವನ್ನು ನಾನು ಅದಕ್ಕೆ ಮುಂಚೆ ಅವರ ಮುಖದಲ್ಲಿ ನೋಡಿರಲಿಲ್ಲ.

"ನಾನು ಹೇಳಲಿಲ್ವಾ? ತಪ್ಪು ಕುದುರೇದಲ್ಲ," ಎಂದರು.

ಅಮ್ಮನ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೇ ಉಳಿಯಿತು. ನಾನು ಅವಳನ್ನು ನೋಡಿದೆ, ಅವಳು ಸಾರನ್ನು ನೋಡುತ್ತಿದ್ದಳು. ತಾಯತ ತೆಗೆದು ಕೆಂಚಿಯ ನೋವು ಕಳೆದವಳು ನಾನು. ಅದೇ ಈಗ ಅಪ್ಪನ ವಿರುದ್ಧ ಸಾಕ್ಷಿಯಾಗಿ ಬಂದು ಕೂತಿತ್ತು. ನೆಟ್ಟಗಿರುವ ಸವಾರ ಕೂತರೆ ಕುದುರೆಗೆ ನೋವಿಲ್ಲ, ಇನ್ನೇನು ಬೇಕು. ಹೇಳಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ಮುದ್ದೆ ಇಟ್ಟುಕೊಂಡೆ.

ಅಪ್ಪ ಮತ್ತೆ ಕುದುರೆ ಹತ್ತಲಿಲ್ಲ. ತೋಟವನ್ನು ಬೇರೆಯವರು ನೋಡಿಕೊಂಡರು. ಬಾವಿಕಟ್ಟೆಯ ಹೆಂಗಸರನ್ನು ರೇಗಿಸುವ ಅಪ್ಪ ಆ ಎರಡು ಮೈಲಿಯ ದಾರಿಯಲ್ಲೇ ಉಳಿದರು. ಜಗಲಿಯಲ್ಲಿ ಕೋಲು ಹಿಡಿದು ಕೂರುವ ಅಪ್ಪ ಮಾತ್ರ ನಮಗೆ ಸಿಕ್ಕಿದರು. ನನ್ನ ಮಗಳು ಹುಟ್ಟಿದಾಗ ಕೂಸನ್ನು ಎತ್ತಿಕೊಳ್ಳಿ ಎಂದು ಕೊಡಹೋದರೆ ಎರಡೂ ಕೈ ಹಿಂದಕ್ಕೆ ಎಳೆದುಕೊಂಡು, ಬೇಡಮ್ಮ, ನಾನು ವಾಲ್ತೀನಿ ಎಂದರು. ಅಮ್ಮ ಪಕ್ಕದಲ್ಲೇ ಇದ್ದಳು. ಅವತ್ತೂ ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನಂತೂ ಹೇಳಬೇಕಾದ ಮಾತು ಬಂದಾಗಲೆಲ್ಲ ಎಣ್ಣೆ ಬಟ್ಟಲು ತರುವವಳಾಗಿ ಬೆಳೆದೆ. ಗಂಡನಿಗೆ ಸಿಟ್ಟು ಬಂದರೆ ಕಾಲು ಒತ್ತಿದೆ. ಅತ್ತೆಯ ಜೊತೆ ಮನಸ್ತಾಪವಾದರೆ ತಲೆಗೆ ಎಣ್ಣೆ ಹಚ್ಚಿದೆ. ಎಷ್ಟು ತಾಳ್ಮೆ, ಎಷ್ಟು ಒಳ್ಳೆಯ ಕೈ ಎಂದು ನೆಂಟರೆಲ್ಲ ಹೊಗಳಿದರು. ಅದು ಹೇಡಿತನ ಎಂದು ನನಗೆ ಗೊತ್ತಿತ್ತು.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಕೊನೆಯ ಸ್ನಾನ ಮಾಡಿಸುವಾಗ ತೋಳಿನ ತಾಯತವನ್ನು ನಾನೇ ಬಿಚ್ಚಿ ತೆಗೆದಿಟ್ಟುಕೊಂಡೆ. ಅಪ್ಪ ಈಗ ಚಿಕ್ಕಬಳ್ಳಾಪುರದಲ್ಲಿ ನನ್ನ ಜೊತೆ ಇದ್ದಾರೆ. ಅವರ ಕೋಣೆಯ ಗೋಡೆಯ ಮೇಲೆ ಅಮ್ಮನ ಫೋಟೊ ಇದೆ. ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತಿಗೆ ಅವರ ಬೆನ್ನಿಗೆ ಎಣ್ಣೆ ಹಚ್ಚುವುದು ನನ್ನ ದಿನಚರಿ. ಮೂಳೆಯಿಂದ ಎರಡು ಬೆರಳು ಬಿಟ್ಟು, ಅಂಗೈ ಬುಡದಲ್ಲಿ, ಉಸಿರು ಬಿಡುವವರೆಗೆ ಕಾಯುತ್ತಾ. ಹೋದ ತಿಂಗಳು ಒಂದು ಮಧ್ಯಾಹ್ನ ನಮ್ಮ ರಸ್ತೆಯಲ್ಲಿ ಮದುವೆ ಮೆರವಣಿಗೆ ಹೋಯಿತು. ಡಿಜೆ ಸದ್ದಿಗೆ ಕಿಟಕಿ ಅದುರುತ್ತಿತ್ತು. ಗಂಡು ಬಿಳಿ ಕುದುರೆಯ ಮೇಲೆ ಕೂತಿದ್ದ. ಅಪ್ಪ ಕಿಟಕಿಯ ಸರಳು ಹಿಡಿದು ಕುದುರೆಯನ್ನೇ ನೋಡಿದರು.

"ಅದಕ್ಕೆ ಬೆನ್ನು ನೋವಿದೆ. ಬೆನ್ನು ತಗ್ಗಿಸ್ತಿದೆ ನೋಡು," ಎಂದರು. ಮಂಚದ ಮೇಲೆ ಬೋರಲು ಮಲಗಿದ ಮೇಲೆ, "ನನ್ನಂಥೋನು ಯಾರೋ ಹತ್ತಿರ್ತಾನೆ," ಎಂದರು.

ನನ್ನ ಅಂಗೈ ಅವರ ನಡುಬೆನ್ನಿನ ಎಡಗಡೆಯಲ್ಲಿತ್ತು. ಅಲ್ಲಿ ಯಾವಾಗಲೂ ಗಟ್ಟಿ. ಇನ್ನು ತಡೆಯಲಾಗಲಿಲ್ಲ.

"ಅಪ್ಪ, ಕೆಂಚಿ ಬೆನ್ನು ನೋವು ನಿನ್ನಿಂದ ಅಲ್ಲ."

ಎಲ್ಲ ಹೇಳಿದೆ. ಲಾರಿ, ಮುರುಗಮಲ್ಲ, ಮೆತ್ತೆ, ಸೂಜಿಗೆ ನಾನು ಪೋಣಿಸಿದ ದಾರ, ಸೌದೆ ರಾಶಿಯ ಹಿಂದೆ ಬಿಚ್ಚಿದ ಹೊಲಿಗೆ, ಮಾವನ ಊಟದ ದಿನ. ಹೇಳುವಾಗ ಕೈ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮಾತೂ ನಿಲ್ಲುತ್ತದೆ ಎಂದು ಭಯವಿತ್ತು. ಅಪ್ಪ ದಿಂಬಿಗೆ ಮುಖ ಒತ್ತಿಕೊಂಡೇ ಕೇಳಿದರು. ಮುಗಿಸಿ, ಬೀರುವಿನಿಂದ ತಾಯತ ತಂದು ಅವರ ಅಂಗೈಯಲ್ಲಿಟ್ಟೆ.

"ಇದು ಅವಳ ತೋಳಲ್ಲಿತ್ತಲ್ಲ."

"ಹೂಂ."

ಹೆಬ್ಬೆರಳಿನಿಂದ ಅದರ ಚಪ್ಪಟೆಯಾದ ಮಗ್ಗುಲನ್ನು ಸವರಿದರು. "ಎಡಗಡೆ ಇಟ್ಟಿದ್ಲಾ?"

"ಎಡಗಡೆ. ನೀನು ಬಿದ್ದ ಕಡೆ."

"ಅದರ ಮೇಲೇ ಕೂತಿದ್ದೆ ನಾನು."  ಬಯ್ಯಲಿ ಎಂದು ಕಾದೆ. ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೇಳಲಿ, ನಾನು ಅಳುತ್ತೇನೆ ಎಂದು ಕಾದೆ. ಅವರು ಕೇಳಿದ್ದು ಇಷ್ಟೇ.

"ಒಂದು ಹೊಲಿಗೆ ಬಿಚ್ಚಿದ್ರೆ ಆಗ್ತಿತ್ತಾ?"

"ಆಗ್ತಿತ್ತಪ್ಪ."

ನನ್ನ ದನಿ ಎತ್ತರವಾಗಿತ್ತೋ ಏನೋ. ಮೈಮೇಲೆ ಒಂದು ದಾರ ಕಟ್ಟಗೊಡದ, ದೇವರ ಕೋಣೆಗೆ ಕಾಲಿಡದ ನನ್ನಪ್ಪ ತಲೆಯನ್ನು ಸ್ವಲ್ಪವೇ ಎತ್ತಿ ಗೋಡೆಯ ಫೋಟೊ ಕಡೆಗೆ ಗದ್ದ ತೋರಿಸಿದರು. ತಾಯತವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು.

"ಮೆಲ್ಲಗೆ ಮಾತಾಡಮ್ಮ," ಎಂದರು. "ನನಗೆ ತಿಳೀತು ಅಂತ ಅವಳಿಗೆ ಗೊತ್ತಾಗೋದು ಬೇಡ. ನೊಂದ್ಕೊಳ್ತಾಳೆ."

"ಹೇಳಲ್ಲಪ್ಪ," ಎಂದೆ.